ಹಿಮದ ಊರಿನಲ್ಲಿ ಪಾದರಸದ ಬೆನ್ನು ಹತ್ತಿ

ಭೂಪಟದ ಮೇಲ್ತುದಿಯಲ್ಲಿ ಒಂದು ಪುಟ್ಟ ಊರಿದೆ. ಅಲ್ಲಿ ಬಾಗಿಲಿಗೆ ಬೀಗ ಹಾಕುವ ಪದ್ಧತಿಯಿಲ್ಲ. ಕಳ್ಳರಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಬೀದಿಯಲ್ಲಿ ಹಿಮಕರಡಿ ಎದುರಾದರೆ ಹತ್ತಿರದ ಯಾವ ಕಟ್ಟಡಕ್ಕಾದರೂ ನುಗ್ಗಿ ಜೀವ ಉಳಿಸಿಕೊಳ್ಳಲು ಅನುಕೂಲವಾಗಲಿ ಎಂದು! ಊರಾಚೆ ಹೋಗುವವರು ಬಂದೂಕು ಹೆಗಲಿಗೇರಿಸಿಕೊಂಡೇ ಹೊರಡುತ್ತಾರೆ. ಒಳಗೆ ಕಾಲಿಡುವ ಮುನ್ನ ಹೊಸ್ತಿಲಲ್ಲೇ ಬೂಟು ಕಳಚಿಡಬೇಕು, ನಮ್ಮ ಮನೆಗಳಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವಂತೆ. ಕಲ್ಲಿದ್ದಲ ಗಣಿಗಾರರ ಬೂಟಿನ ಮಸಿ ಒಳಗೆ ಬಾರದಿರಲಿ ಎಂದು ಆರಂಭವಾದ ರೂಢಿ ಅದು. ಇನ್ನು ಮೊಬೈಲ್ ಫೋನು ಕೈಯಲ್ಲಿದ್ದರೂ ಅದರ ಬಾಯಿ ಕಟ್ಟಿರಬೇಕು. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ರೇಡಿಯೋ ತರಂಗಗಳ ಗದ್ದಲ ಆಗಿಬರುವುದಿಲ್ಲ.

ಊರಿನ ಹೆಸರು ನೀ-ಓಲೆಸುಂಡ್. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಪಶ್ಚಿಮ ದಂಡೆಯಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಉತ್ತರ ಧ್ರುವಕ್ಕೆ ಇನ್ನು 1,200 ಕಿಲೋಮೀಟರಿನಷ್ಟೇ ದಾರಿ. ಸ್ವಾಲ್‌ಬಾರ್ಡಿನ ಮುಖ್ಯ ಪಟ್ಟಣ ಲಾಂಗ್‌ಯೀರ್‌ಬೀನ್‌ನಿಂದ ಪುಟ್ಟ ವಿಮಾನ ಹತ್ತಿದರೆ ಅರ್ಧ ಗಂಟೆಯೊಳಗೆ ಕೊಂಗ್ಸ್‌ಫ್ಯೋರ್ಡ್ ಎಂಬ ಕೊಲ್ಲಿಯ ಪಕ್ಕ ಇಳಿಸುತ್ತದೆ. ಒಂದೆಡೆ ನೀರ್ಗಲ್ಲು, ಮತ್ತೊಂದೆಡೆ ಬೋಳು ಬೆಟ್ಟ, ನಡುವೆ ಬಣ್ಣಬಣ್ಣದ ಮರದ ಮನೆಗಳು. ಚಳಿಗಾಲದಲ್ಲಿ ಊರಿನ ಜನಸಂಖ್ಯೆ ಮೂವತ್ತು ನಲವತ್ತು. ನಮ್ಮ ಒಂದು ಶಾಲೆಯ ಒಂದು ತರಗತಿಯಲ್ಲೇ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ.

ಇಷ್ಟು ದೂರದ ಊರಿನ ಸುದ್ದಿ ನಮಗೇಕೆ ಎನ್ನುವಿರಾ? ಎರಡು ಕಾರಣಗಳಿವೆ. ಮೊದಲನೆಯದು, ಅಲ್ಲಿ ನಮ್ಮದೂ ಒಂದು ಮನೆಯಿದೆ. 2008ರ ಜುಲೈ 1ರಂದು ಭಾರತ ತನ್ನ ಆರ್ಕ್‌ಟಿಕ್ ಸಂಶೋಧನಾ ಕೇಂದ್ರ 'ಹಿಮಾದ್ರಿ'ಯನ್ನು ಅಲ್ಲಿ ತೆರೆಯಿತು. 2023ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಮೊದಲ ಬಾರಿಗೆ ಅಲ್ಲಿ ಚಳಿಗಾಲದ ಕತ್ತಲೆಯನ್ನೂ ಕಳೆಯಲು ಹೊರಟಾಗ ಆ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲು ಪಡೆದಿತ್ತು. ಎರಡನೆಯ ಕಾರಣ ಅಷ್ಟು ಹೆಮ್ಮೆಪಡುವಂಥದ್ದಲ್ಲ. ನಾವು ಇಲ್ಲಿ ಉರಿಸಿದ್ದು, ಒಡೆದದ್ದು, ಬಿಸಾಡಿದ್ದರ ಲೆಕ್ಕವನ್ನು ಆ ಊರಿನ ಗಾಳಿ ಇಟ್ಟುಕೊಂಡಿದೆ. ಆ ಲೆಕ್ಕದಲ್ಲಿ ಒಂದು ಬಾಬ್ತು ಪಾದರಸ.

ಚಿನ್ನದ ಬಲೆ

ನಾನು ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಒಂದು ದಿನ ಪ್ರಯೋಗಾಲಯದ ಸೀಸೆಯಿಂದ ಪಾದರಸದ ಹನಿಯನ್ನು ನಮ್ಮ ಅಂಗೈ ಮೇಲೆ ಹಾಕಿದ್ದರು. ಹಿಡಿಯಹೋದರೆ ಜಾರುತ್ತಿತ್ತು, ಒತ್ತಿದರೆ ಹತ್ತು ಮುತ್ತಾಗುತ್ತಿತ್ತು, ಹತ್ತಿರ ತಂದರೆ ಮತ್ತೆ ಒಂದಾಗುತ್ತಿತ್ತು. ಅಮ್ಮನ ಉಂಗುರ ತೊಟ್ಟು ಬಂದಿದ್ದ ಸಹಪಾಠಿಯೊಬ್ಬಳ ಬೆರಳಿಗೂ ಅದು ತಗುಲಿತು. ನೋಡನೋಡುತ್ತಿದ್ದಂತೆ ಚಿನ್ನದ ಉಂಗುರ ಬೆಳ್ಳಿಯಂತೆ ಬೆಳ್ಳಗಾಯಿತು! ಮನೆಯಲ್ಲಿ ಬೈಗುಳ ತಪ್ಪಲಿಲ್ಲ. ಪಾದರಸ ಮುಟ್ಟುವಂಥದ್ದಲ್ಲ, ಅದರ ಆವಿ ಉಸಿರಾಡುವಂಥದ್ದಲ್ಲ ಎಂಬ ತಿಳಿವಳಿಕೆ ನಮ್ಮ ಶಾಲೆಗಳಿಗೆ ಆಗಿನ್ನೂ ಬಂದಿರಲಿಲ್ಲ.

ಆ ಹುಡುಗಿಯ ಉಂಗುರದಲ್ಲಿ ನಡೆದದ್ದನ್ನೇ ನೀ-ಓಲೆಸುಂಡಿನ ವಿಜ್ಞಾನಿಗಳು ಉಪಾಯವಾಗಿ ಬಳಸಿಕೊಂಡಿದ್ದಾರೆ. ಊರಿನ ದಕ್ಷಿಣಕ್ಕೆ ಜೆಪ್ಪೆಲಿನ್ ಬೆಟ್ಟವಿದೆ. ವಾಯುನೌಕೆಗಳಿಗೆ ಹೆಸರಾದ ಜರ್ಮನಿಯ ಕೌಂಟ್ ಜೆಪ್ಪೆಲಿನ್ 1910ರಲ್ಲಿ ಈ ಕಡೆ ಬಂದುಹೋಗಿದ್ದರ ನೆನಪಿಗೆ ಆ ಹೆಸರು. 1926ರಲ್ಲಿ ಅಮುಂಡ್‌ಸೆನ್ ಮತ್ತು ಸಂಗಡಿಗರು 'ನೋರ್ಗೆ' ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾರಿಹೋಗಲು ಹೊರಟದ್ದೂ ಈ ಊರಿನಿಂದಲೇ. ನೌಕೆಯನ್ನು ಕಟ್ಟಿದ್ದ ಕಬ್ಬಿಣದ ಕಂಬ ಇಂದಿಗೂ ಊರಾಚೆ ನಿಂತಿದೆ. ಬೆಟ್ಟದ ಮೇಲೆ 474 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯವಿದ್ದು, ಅಲ್ಲಿಗೆ ತಂತಿಯ ಮೇಲೆ ತೂಗುವ ಪೆಟ್ಟಿಗೆಯಲ್ಲಿ ಕೂತು ಹೋಗಬೇಕು.

ಅಲ್ಲಿರುವ ಯಂತ್ರವೊಂದು ಹೊರಗಿನ ಗಾಳಿಯನ್ನು ಸದಾ ಎಳೆದುಕೊಳ್ಳುತ್ತ ಚಿನ್ನದ ಮೇಲೆ ಹಾಯಿಸುತ್ತದೆ. ಗಾಳಿಯಲ್ಲಿರುವ ಪಾದರಸದ ಆವಿ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಕೆಲವು ನಿಮಿಷಗಳ ಬಳಿಕ ಚಿನ್ನವನ್ನು ಕಾಯಿಸಿದರೆ ಸಿಕ್ಕಿಬಿದ್ದ ಪಾದರಸ ಬಿಡುಗಡೆಯಾಗುತ್ತದೆ. ಅದರ ಮೇಲೆ ಅತಿನೇರಳೆ ಬೆಳಕು ಬಿಟ್ಟಾಗ ಅದು ಹೊಮ್ಮಿಸುವ ಹೊಳಪನ್ನು ಅಳೆದು ಎಷ್ಟಿತ್ತೆಂದು ಲೆಕ್ಕ ಹಾಕುತ್ತಾರೆ.

ಎಷ್ಟಿರುತ್ತದೆ? ಉತ್ತರ ಗೋಳಾರ್ಧದ ಸ್ವಚ್ಛ ಗಾಳಿಯಲ್ಲಿ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 1.5 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ನೋಡಬಹುದು. ಜ್ವರ ನೋಡುವ ಹಳೆಯ ಗಾಜಿನ ಕಡ್ಡಿಯೊಂದರಲ್ಲಿ ಸುಮಾರು ಒಂದು ಗ್ರಾಂ ಪಾದರಸವಿರುತ್ತದೆ. ಅಷ್ಟು ಪಾದರಸ ಗಾಳಿಯಲ್ಲಿ ಸಿಗಬೇಕಾದರೆ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, 660 ಮೀಟರಿಗೂ ಮಿಕ್ಕಿದ ಎತ್ತರದ ಗಾಳಿಯ ರಾಶಿಯನ್ನೇ ಸೋಸಬೇಕು! ಇಷ್ಟು ಅಲ್ಪವಾದದ್ದಕ್ಕೆ ಇಷ್ಟೊಂದು ಚಿಂತೆಯೇ ಎಂದು ಕೇಳಬಹುದು. ಮುಂದಿನ ಕಥೆಯಲ್ಲಿ ಉತ್ತರವಿದೆ.

ವಸಂತದಲ್ಲಿ ಕಾಣೆಯಾದ ಪಾದರಸ

ಈ ಕಥೆ ಮೊದಲು ಬಯಲಾದದ್ದು ನೀ-ಓಲೆಸುಂಡಿನಲ್ಲಲ್ಲ, ಗ್ರೀನ್‌ಲೆಂಡಿನ ಆಚೆ ಬದಿಯಲ್ಲಿರುವ ಕೆನಡಾದ ಅಲರ್ಟ್ ಎಂಬಲ್ಲಿ. ಅದು ಇನ್ನೂ ಉತ್ತರಕ್ಕಿದೆ. 82.5 ಡಿಗ್ರಿ ಅಕ್ಷಾಂಶ, ಧ್ರುವಕ್ಕೆ 817 ಕಿಲೋಮೀಟರ್. ವರ್ಷವಿಡೀ ಜನರಿರುವ ನೆಲೆಗಳಲ್ಲಿ ಅದಕ್ಕಿಂತ ಉತ್ತರದ್ದು ಬೇರೊಂದಿಲ್ಲ. ಸೈನಿಕರು, ಹವಾಮಾನ ನೋಡುವವರು ಬಿಟ್ಟರೆ ಬೇರೆ ವಸತಿಯಿಲ್ಲ. ಅಲ್ಲಿನ ಕೊರೆಯುವ ದಿನಗಳಲ್ಲಿ ಪಾದರಸವೇ ಹೆಪ್ಪುಗಟ್ಟುತ್ತದೆ. ಸೊನ್ನೆಗಿಂತ 39 ಡಿಗ್ರಿ ಕೆಳಗಿಳಿದರೆ ಅದೂ ಇತರ ಲೋಹಗಳಂತೆ ಗಟ್ಟಿ. ಆದರೆ ಗಾಳಿಯಲ್ಲಿ ಬಿಡಿ ಬಿಡಿ ಪರಮಾಣುಗಳಾಗಿ ಹರಡಿಕೊಂಡ ಪಾದರಸಕ್ಕೆ ಈ ಚಳಿಯ ಹಂಗಿಲ್ಲ. ಅದು ಆವಿಯಾಗಿಯೇ ಅಲೆದಾಡುತ್ತಿರುತ್ತದೆ.

ಕೆನಡಾದ ವಿಜ್ಞಾನಿ ವಿಲಿಯಂ ಶ್ರೋಡರ್ ಮತ್ತು ಸಂಗಡಿಗರು 1995ರಲ್ಲಿ ಅಲರ್ಟಿನಲ್ಲಿ ಇಂಥದೇ ಯಂತ್ರವಿಟ್ಟು ಅಳೆಯತೊಡಗಿದರು. ಕತ್ತಲ ತಿಂಗಳುಗಳಲ್ಲಿ ಅಂಕಿಗಳು ಹೆಚ್ಚು ಏರಿಳಿಯಲಿಲ್ಲ. ಪಾದರಸದ ಆವಿ ಗಾಳಿಯಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲುದು. ಹಾಗಾಗಿ ಅದರ ಪ್ರಮಾಣ ಎಲ್ಲೆಡೆ ಒಂದೇ ಸಮನಾಗಿರುವುದು ಸಹಜವೇ. ಸೋಜಿಗ ನಡೆದದ್ದು ಸೂರ್ಯ ಮರಳಿದ ಮೇಲೆ. ವಸಂತದಲ್ಲಿ ಒಂದೆರಡು ದಿನಗಳೊಳಗೆ ಪಾದರಸದ ಪ್ರಮಾಣ ಧಡಾರನೆ ಕುಸಿಯಿತು. 1.5 ಇದ್ದದ್ದು 0.1ಕ್ಕಿಂತಲೂ ಕೆಳಕ್ಕೆ! ಮತ್ತೆ ಏರಿತು, ಮತ್ತೆ ಕುಸಿಯಿತು. ಬೇಸಿಗೆ ಬರುವವರೆಗೂ ಇದೇ ಆಟ. ಮುಂದಿನ ವಸಂತಗಳಲ್ಲೂ ಹಾಗೆಯೇ ಆಯಿತು. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವರದಿ ಬಂತು. ಬಳಿಕ ಅಲಾಸ್ಕಾದಲ್ಲಿ, ಸ್ವಾಲ್‌ಬಾರ್ಡಿನಲ್ಲಿ, ಭೂಮಿಯ ಇನ್ನೊಂದು ತುದಿಯ ಅಂಟಾರ್ಕ್‌ಟಿಕಾದಲ್ಲೂ ಇದು ಕಂಡುಬಂತು.

ಗಾಳಿಯಿಂದ ಪಾದರಸ ಎಲ್ಲಿಗೆ ಹೋಯಿತು? ಕಾಲ ಕೆಳಗೆ. ಹಿಮದೊಳಕ್ಕೆ.

ಉಪ್ಪು, ಬಿಸಿಲು ಮತ್ತು ಹಿಮ

ಇದರಲ್ಲಿ ಪಾತ್ರಧಾರಿಗಳು ಮೂರು: ಕಡಲಿನ ಉಪ್ಪು, ಹಿಮ, ಬಿಸಿಲು. ಕಡಲ ನೀರಿನಲ್ಲಿ ನಾವು ಅಡುಗೆಗೆ ಬಳಸುವ ಉಪ್ಪಿನ ಜೊತೆಗೆ ಬ್ರೋಮೈಡ್ ಎಂಬ ಲವಣವೂ ಸ್ವಲ್ಪ ಇರುತ್ತದೆ. ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟುವಾಗ ಈ ಉಪ್ಪು ಮಂಜುಗಡ್ಡೆಯ ಮೇಲ್ಮೈಗೂ ಅದರ ಮೇಲೆ ಬಿದ್ದ ಹಿಮಕ್ಕೂ ಸೇರುತ್ತದೆ. ಗಾಳಿಯಲ್ಲಿ ತೂರಿಬಂದ ಉಪ್ಪಿನ ಕಣಗಳೂ ಅಲ್ಲಿ ಕೂರುತ್ತವೆ. ತಿಂಗಳುಗಟ್ಟಲೆ ಕತ್ತಲಾದ್ದರಿಂದ ಏನೂ ನಡೆಯುವುದಿಲ್ಲ.

ವಸಂತದಲ್ಲಿ ಸೂರ್ಯನ ಕಿರಣ ಬಿದ್ದೊಡನೆ ಹಿಮದ ಮೇಲಿನ ಬ್ರೋಮೈಡಿನಿಂದ ಬ್ರೋಮಿನ್ ಅನಿಲ ಹೊರಬರುತ್ತದೆ. ಬಿಸಿಲು ಅದನ್ನು ಒಡೆದು ಬಿಡಿ ಪರಮಾಣುಗಳಾಗಿಸುತ್ತದೆ. ಈ ಪರಮಾಣುಗಳು ನೆಲದ ಹತ್ತಿರದ ಓಝೋನನ್ನು ಕಬಳಿಸುತ್ತ, ಹಿಮದಿಂದ ಇನ್ನಷ್ಟು ಬ್ರೋಮಿನ್ ಹೊರಬರುವಂತೆ ಮಾಡುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಇದನ್ನು ವಿಜ್ಞಾನಿಗಳು 'ಬ್ರೋಮಿನ್ ಸ್ಫೋಟ' ಎಂದೇ ಕರೆಯುತ್ತಾರೆ. ನೆನಪಿಡಿ, ಇದು ಆಕಾಶದಲ್ಲಿ ಬಲು ಎತ್ತರಕ್ಕಿರುವ ಓಝೋನ್ ಪದರಕ್ಕೆ ತೂತು ಬಿದ್ದ ಕಥೆಯಲ್ಲ. ಇದು ನೆಲಕ್ಕೆ ಅಂಟಿಕೊಂಡಂತೆ ಕೆಲವು ನೂರು ಮೀಟರುಗಳೊಳಗೆ ನಡೆಯುವ ವಿದ್ಯಮಾನ. ಓಝೋನ್ ಮತ್ತು ಪಾದರಸ ಎರಡೂ ಒಟ್ಟೊಟ್ಟಿಗೆ ಕುಸಿಯುವುದನ್ನು ಕಂಡೇ ಶ್ರೋಡರ್ ತಂಡಕ್ಕೆ ಗುಟ್ಟಿನ ಎಳೆ ಸಿಕ್ಕಿತು.

ಆವಿಯಾಗಿ ಅಲೆಯುವ ಪಾದರಸ ಸುಲಭಕ್ಕೆ ಯಾರ ಸ್ನೇಹವನ್ನೂ ಮಾಡದು. ನೀರಿನಲ್ಲಿ ಹೆಚ್ಚು ಕರಗದು, ಮಳೆಗೂ ಬಗ್ಗದು. ಆದ್ದರಿಂದಲೇ ಅದು ಭೂಮಿಯನ್ನೆಲ್ಲ ಸುತ್ತುತ್ತದೆ. ಆದರೆ ಬ್ರೋಮಿನ್ ಪರಮಾಣು ಎದುರಾದರೆ ಅದರೊಡನೆ ಕೂಡಿಕೊಂಡು ಸ್ವಭಾವವನ್ನೇ ಬದಲಿಸುತ್ತದೆ. ಜಾರುವುದು ಹೋಗಿ ಅಂಟುವ ಗುಣ ಬರುತ್ತದೆ. ಸಿಕ್ಕ ಧೂಳಿನ ಕಣಕ್ಕೆ, ಹಿಮದ ಹರಳಿಗೆ ಹತ್ತಿಕೊಂಡು ಕೆಳಗಿಳಿಯುತ್ತದೆ. ಇಂಥ ದಿನಗಳಲ್ಲಿ ಹಿಮದ ಮೇಲ್ಪದರವನ್ನು ಕೆರೆದು ಕರಗಿಸಿ ನೋಡಿದರೆ ಅದರಲ್ಲಿನ ಪಾದರಸ ಮಾಮೂಲಿಗಿಂತ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಏರಿರುತ್ತದೆ.

ಕೊಟ್ಟು ಕಸಿದುಕೊಳ್ಳುವ ಬಿಸಿಲು

ಮೊದಮೊದಲು ವಿಜ್ಞಾನಿಗಳಿಗೆ ಗಾಬರಿಯೇ ಆಯಿತು. ಪ್ರತಿ ವಸಂತದಲ್ಲೂ ಗಾಳಿಯ ಪಾದರಸವೆಲ್ಲ ಹಿಮಕ್ಕೆ ಇಳಿಯುವುದಾದರೆ, ಹಿಮ ಕರಗಿದಾಗ ಅಷ್ಟೂ ವಿಷ ಕಡಲಿಗೆ ಸೇರುತ್ತದಲ್ಲವೇ? ಹಿಮವನ್ನು ಇನ್ನಷ್ಟು ತಾಳ್ಮೆಯಿಂದ ಗಮನಿಸಿದಾಗ ಕಥೆಗೆ ಎರಡನೆಯ ಅಧ್ಯಾಯವಿರುವುದು ತಿಳಿಯಿತು.

ಹಿಮ ಎಂದರೆ ಗಟ್ಟಿ ಕಲ್ಲಲ್ಲ. ಹರಳುಗಳ ನಡುವೆ ಗಾಳಿಯಾಡುತ್ತದೆ, ಬಿಸಿಲು ಕೆಲವು ಅಂಗುಲಗಳಷ್ಟು ಒಳಕ್ಕಿಳಿಯುತ್ತದೆ. ಯಾವ ಬಿಸಿಲು ಬ್ರೋಮಿನ್ನನ್ನು ಎಬ್ಬಿಸಿ ಪಾದರಸವನ್ನು ಹಿಮಕ್ಕೆ ಕೆಡವಿತೋ ಅದೇ ಬಿಸಿಲು ಹಿಮದೊಳಗಿನ ಪಾದರಸವನ್ನು ಬಂಧನದಿಂದ ಬಿಡಿಸಿ ಮತ್ತೆ ಆವಿಯಾಗಿಸುತ್ತದೆ! ಬಿದ್ದದ್ದರಲ್ಲಿ ಹೆಚ್ಚಿನ ಪಾಲು ಕೆಲವೇ ದಿನಗಳಲ್ಲಿ ಹೀಗೆ ಗಾಳಿಗೆ ಮರಳುತ್ತದೆ. ವಸಂತದುದ್ದಕ್ಕೂ ಹಿಮ ಪಾದರಸವನ್ನು ಉಸಿರಿನಂತೆ ಎಳೆದುಕೊಳ್ಳುತ್ತದೆ, ಬಿಡುತ್ತದೆ.

ಆದರೆ ಎಳೆದುಕೊಂಡದ್ದೆಲ್ಲ ವಾಪಸಾಗುವುದಿಲ್ಲ. ಕಡಲಿಗೆ ಹತ್ತಿರದ ಹಿಮದಲ್ಲಿ ಉಪ್ಪಿನಂಶ ಹೆಚ್ಚು. ಅದರಲ್ಲಿರುವ ಕ್ಲೋರೈಡ್ ಪಾದರಸವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿಂದ ಹೊಸ ಹಿಮ ಬಿದ್ದು ಮುಚ್ಚಿದರೆ ಬಿಸಿಲು ತಲುಪದೆ ಇನ್ನಷ್ಟು ಒಳಗೇ ಉಳಿಯುತ್ತದೆ. ಜೂನ್ ವೇಳೆಗೆ ಹಿಮ ಕರಗಿ ತೊರೆಯಾಗಿ ಹರಿದಾಗ ಈ ಉಳಿಕೆ ಕೊಲ್ಲಿಗೂ ಕೆರೆಗೂ ಸೇರುತ್ತದೆ. ಹಿಮವೊಂದೇ ದಾರಿ ಎಂದೂ ತಿಳಿಯಬೇಕಾಗಿಲ್ಲ. ಧ್ರುವ ಪ್ರದೇಶದ ಬಯಲಿನ ಗಿಡ, ಹಾವಸೆಗಳು ಗಾಳಿಯಿಂದ ನೇರವಾಗಿ ಪಾದರಸದ ಆವಿಯನ್ನು ಹೀರಿ ಮಣ್ಣಿಗೆ ಸೇರಿಸುತ್ತವೆ, ಈ ದಾರಿಯ ಪಾಲು ಬಲು ದೊಡ್ಡದು ಎಂದು ಅಲಾಸ್ಕಾದ ಅಧ್ಯಯನವೊಂದು 2017ರಲ್ಲಿ ತೋರಿಸಿತು. ನದಿಗಳೂ ತಮ್ಮ ಪಾಲನ್ನು ತಂದು ಕಡಲಿಗೆ ಸುರಿಯುತ್ತವೆ.

ಈಗ ಭೂಮಿ ಬಿಸಿಯೇರುತ್ತಿದೆ. ಹಿಂದೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿದ್ದ ಕೊಂಗ್ಸ್‌ಫ್ಯೋರ್ಡ್ ಕೊಲ್ಲಿ 2006ರಿಂದೀಚೆಗೆ ಬಹುತೇಕ ವರ್ಷಗಳಲ್ಲಿ ತೆರೆದ ನೀರಾಗಿಯೇ ಇರುತ್ತದೆ. ಹಿಮ, ಉಪ್ಪು, ಬಿಸಿಲುಗಳ ಹಳೆಯ ಲೆಕ್ಕಾಚಾರವೇ ಬದಲಾಗುತ್ತಿರುವಾಗ ಬೆಟ್ಟದ ಮೇಲಿನ ಯಂತ್ರ ವರ್ಷ ವರ್ಷವೂ ಅಳೆಯುತ್ತಲೇ ಇರಬೇಕಾದ್ದು ಅದಕ್ಕಾಗಿಯೇ.

ತಾಯಿಯ ಊಟದ ತಟ್ಟೆಗೆ

ನೀರಿಗಿಳಿದ ಪಾದರಸವನ್ನು ಕೆಲವು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅಪಾಯವಿರುವುದು ಇಲ್ಲಿ. ಜೀವಿಯ ದೇಹ ಹೊಕ್ಕ ಮೀಥೈಲ್ ಪಾದರಸ ಬೇಗನೆ ಹೊರಹೋಗದು. ಪಾಚಿಯಿಂದ ಸಣ್ಣ ಸಿಗಡಿಯಂಥ ಜೀವಿಗೆ, ಅದರಿಂದ ಮೀನಿಗೆ, ಮೀನಿನಿಂದ ಸೀಲ್ ಪ್ರಾಣಿಗೆ, ಸೀಲಿನಿಂದ ಹಿಮಕರಡಿಗೆ. ಒಂದೊಂದು ಮೆಟ್ಟಿಲೇರಿದಂತೆಲ್ಲ ಪ್ರಮಾಣವೂ ಏರುತ್ತದೆ. ಗಾಳಿಯಲ್ಲಿ ನೂರು ಕೋಟಿಯಲ್ಲೊಂದರ ಲೆಕ್ಕದಲ್ಲಿದ್ದದ್ದು ಚಿಂತೆಗೆ ಕಾರಣವಾಗುವುದು ಹೀಗೆ. ಹಳೆಯ ಹಾಗೂ ಹೊಸ ಹಲ್ಲು, ಕೂದಲು, ಗರಿಗಳನ್ನು ಹೋಲಿಸಿ ನೋಡಿದಾಗ, ಆರ್ಕ್‌ಟಿಕ್‌ನ ದೊಡ್ಡ ಪ್ರಾಣಿಗಳ ಮೈಯಲ್ಲಿ ಪಾದರಸ ಕೈಗಾರಿಕೆಗಳು ಹಬ್ಬುವ ಮುಂಚಿನ ಕಾಲಕ್ಕಿಂತ ಸುಮಾರು ಹತ್ತು ಪಟ್ಟಾಗಿರುವುದು ಕಂಡಿದೆ.

ಸೀಲ್, ತಿಮಿಂಗಿಲಗಳು ಆ ಸೀಮೆಯ ಇನ್ಯೂಟ್ ಜನರಿಗೆ ತಲೆತಲಾಂತರದ ಆಹಾರ. ನಮಗೆ ರಾಗಿ, ಜೋಳ ಇದ್ದಂತೆ. ಬೆಳೆ ಬೆಳೆಯದ ಆ ನೆಲದಲ್ಲಿ ಮೈಗೆ ಬೇಕಾದ ಸಾರ ಸಿಗುವುದು ಬೇಟೆಯಿಂದಲೇ. ಅಲರ್ಟ್ ಸೇರಿರುವ ಕೆನಡಾದ ನುನಾವುಟ್ ಪ್ರಾಂತ್ಯದ ಆರೋಗ್ಯಾಧಿಕಾರಿಗಳು 2012ರಲ್ಲಿ ಒಂದು ಸಲಹೆ ಕೊಡಬೇಕಾಯಿತು: ಬಸುರಿಯರು, ಬಸುರಿಯಾಗುವ ವಯಸ್ಸಿನ ಹೆಣ್ಣುಮಕ್ಕಳು ಅಲ್ಲಿನ ಒಂದು ಜಾತಿಯ ಸೀಲಿನ ಯಕೃತ್ತನ್ನು ತಿನ್ನುವುದು ಬೇಡ, ಮಾಂಸ ತಿನ್ನಬಹುದು. ಯಕೃತ್ತಿನಲ್ಲಿ ಪಾದರಸ ಹೆಚ್ಚು ಸೇರಿಕೊಂಡಿರುತ್ತದೆ. ಮೀಥೈಲ್ ಪಾದರಸ ತಾಯಿಯ ರಕ್ತದಿಂದ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೂ ತಲುಪಬಲ್ಲುದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ತುಂಬಿದ ಕೊಲ್ಲಿಯ ಮೀನು ತಿಂದು ತಾಯಂದಿರು ಹೆತ್ತ ಮಕ್ಕಳು ಹುಟ್ಟಿನಿಂದಲೇ ಅಂಗವಿಕಲರಾದ ದಾರುಣ ಕಥೆ 1956ರಿಂದ ಜಗತ್ತಿಗೆ ತಿಳಿಯುತ್ತ ಬಂತು. ಧ್ರುವ ಪ್ರದೇಶದಲ್ಲಿ ಪ್ರಮಾಣ ಅಷ್ಟಿಲ್ಲ ಎಂಬುದು ಸಮಾಧಾನ. ಆದರೂ ಒಂದು ವ್ಯತ್ಯಾಸ ಮನಸ್ಸನ್ನು ಚುಚ್ಚುತ್ತದೆ. ಮಿನಮಾಟದಲ್ಲಿ ಊರಿನ ಪಕ್ಕದಲ್ಲೇ ಕಾರ್ಖಾನೆಯಿತ್ತು. ಇಲ್ಲಿ ಸಾವಿರಾರು ಕಿಲೋಮೀಟರಿನುದ್ದಕ್ಕೂ ಬರೀ ಹಿಮ. ಅಜ್ಜಿ, ಮುತ್ತಜ್ಜಿಯರು ಉಂಡು ಬೆಳೆದದ್ದನ್ನು ಉಣ್ಣಲು ಬಸುರಿ ಹೆಂಗಸು ಯೋಚಿಸಬೇಕಾಗಿದೆ. ತಪ್ಪು ಅವಳದಲ್ಲ.

ಹೊಗೆಗೆ ಗಡಿಯಿಲ್ಲ

ಹಾಗಾದರೆ ಯಾರದು? ಜ್ವಾಲಾಮುಖಿಯಂಥ ನಿಸರ್ಗ ಮೂಲಗಳೂ ಇವೆ, ನಿಜ. ಆದರೆ 2018ರಲ್ಲಿ ಹೊರಬಂದ ವಿಶ್ವಸಂಸ್ಥೆಯ ವರದಿಯ ಪ್ರಕಾರ, 2015ರಲ್ಲಿ ಮಾನವ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಏಷ್ಯಾ ಖಂಡದ್ದು. ಅತಿ ದೊಡ್ಡ ಪಾಲು ಬಡ ಕಾರ್ಮಿಕರು ಪಾದರಸ ಬಳಸಿ ಚಿನ್ನ ಬೇರ್ಪಡಿಸುವ ಸಣ್ಣ ಗಣಿಗಳದು. ಅದೇ ಉಂಗುರದ ಮಾಯೆ! ಅದರ ನಂತರದ ಪಾಲು ಕಲ್ಲಿದ್ದಲಿನದು. ಕಲ್ಲಿದ್ದಲಿನಲ್ಲಿ ಅತ್ಯಲ್ಪ ಪಾದರಸ ಇದ್ದೇ ಇರುತ್ತದೆ. ಟನ್‌ಗಟ್ಟಲೆ ಉರಿಸಿದಾಗ ಅದೂ ಹೊಗೆಯೊಡನೆ ಹೊರಡುತ್ತದೆ. 1985ರಿಂದ ವಿದ್ಯುತ್ ಕೊಡುತ್ತಿರುವ ರಾಯಚೂರಿನ ಶಕ್ತಿನಗರದ ಒಲೆಗಳು ಉರಿಯುವುದೂ ಕಲ್ಲಿದ್ದಲಿನಿಂದಲೇ. ಯಾವ ಚಿಮಣಿಯ ಪಾದರಸ ಯಾವ ಹಿಮಕ್ಕೆ ಬಿತ್ತೆಂದು ಯಾರೂ ಹೆಸರು ಬರೆದಿಟ್ಟಿಲ್ಲ. ಎಲ್ಲವೂ ಒಂದೇ ಗಾಳಿಯಲ್ಲಿ ಬೆರೆಯುತ್ತವೆ.

ಇದನ್ನರಿತೇ 2013ರಲ್ಲಿ ಜಗತ್ತಿನ ದೇಶಗಳು ಜಪಾನಿನಲ್ಲಿ ಸೇರಿ ಮಿನಮಾಟದ ಹೆಸರಿನಲ್ಲೇ ಒಂದು ಒಪ್ಪಂದ ಮಾಡಿಕೊಂಡವು. ಆರ್ಕ್‌ಟಿಕ್‌ನ ಜೀವಸಂಕುಲ ಮತ್ತು ಮೂಲನಿವಾಸಿಗಳ ಆಹಾರಕ್ಕೆ ಒದಗಿರುವ ಆಪತ್ತನ್ನು ಅದರ ಪೀಠಿಕೆಯಲ್ಲೇ ಹೇಳಿದೆ. 2017ರಲ್ಲಿ ಅದು ಜಾರಿಗೆ ಬಂತು. 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಪಾದರಸದ ಥರ್ಮಾಮೀಟರುಗಳ ತಯಾರಿಕೆ ನಿಲ್ಲಿಸಲು 2020ರ ಗಡುವನ್ನು ಒಪ್ಪಂದ ಗೊತ್ತುಪಡಿಸಿತ್ತು.

ನಮ್ಮ ಮನೆಯ ಮಟ್ಟಿಗೆ ಮಾಡಬಹುದಾದದ್ದೂ ಇದೆ. ಹಳೆಯ ಜ್ವರದ ಕಡ್ಡಿ ಒಡೆದರೆ ಮಕ್ಕಳನ್ನು ದೂರ ಕಳಿಸಿ, ಕಿಟಕಿ ತೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ಹನಿಗಳು ಇನ್ನಷ್ಟು ಚದುರುತ್ತವೆ. ಬರಿಗೈಯಿಂದ ಮುಟ್ಟದೆ ದಪ್ಪ ಕಾಗದದಿಂದ ಒಟ್ಟುಮಾಡಿ, ಮುಚ್ಚಳದ ಬಾಟಲಿಗೆ ತುಂಬಿ ಭದ್ರವಾಗಿ ಮುಚ್ಚಿ. ಬಚ್ಚಲಿಗಾಗಲಿ ಕಸದ ಬುಟ್ಟಿಗಾಗಲಿ ಸುರಿಯಬೇಡಿ. ಅನಗತ್ಯವಾಗಿ ಉರಿಯುವ ದೀಪ ಆರಿಸಿದರೆ ಎಲ್ಲೋ ಒಂದು ಹಿಡಿ ಕಲ್ಲಿದ್ದಲು ಉಳಿಯುತ್ತದೆ.

ಕೊನೆಗೆ ಮತ್ತೆ ಆ ಊರಿಗೇ ಬರೋಣ. ನೀ-ಓಲೆಸುಂಡ್ ಹುಟ್ಟಿದ್ದೇ ಕಲ್ಲಿದ್ದಲಿನಿಂದ. 1916ರಲ್ಲಿ ಅಲ್ಲಿ ಗಣಿ ಕಂಪನಿ ಆರಂಭವಾಯಿತು. 1962ರ ನವೆಂಬರ್ 5ರಂದು ಗಣಿಯಲ್ಲಿ ಸ್ಫೋಟವಾಗಿ 21 ಕಾರ್ಮಿಕರು ಸತ್ತರು. ಆ ದುರಂತದ ಬಿರುಗಾಳಿಗೆ ಮರುವರ್ಷ ನಾರ್ವೆಯ ಸರ್ಕಾರವೇ ಉರುಳಿತು. ಗಣಿ ಶಾಶ್ವತವಾಗಿ ಮುಚ್ಚಿತು. ಗಣಿಗಾರರು ಬಿಟ್ಟುಹೋದ ಮನೆಗಳಿಗೆ ಬಳಿಕ ವಿಜ್ಞಾನಿಗಳು ಬಂದರು. ಹಿಂದೆ ಜಗತ್ತಿಗೆ ಕಲ್ಲಿದ್ದಲು ಕೊಟ್ಟ ಊರು ಇಂದು ಜಗತ್ತಿನ ಕಲ್ಲಿದ್ದಲ ಹೊಗೆಯನ್ನು ಅಳೆಯುತ್ತಿದೆ.

ಆ ಊರಿನವರು ಇಂದಿಗೂ ಬೂಟು ಕಳಚಿಟ್ಟೇ ಒಳಗೆ ಕಾಲಿಡುತ್ತಾರೆ. ಗಣಿಯ ಮಸಿ ಹೋಗಿ ಅರವತ್ತು ವರ್ಷ ದಾಟಿದರೂ ರೂಢಿ ಉಳಿದಿದೆ. ನಮ್ಮ ಮನೆಯ ಮಸಿ ಇನ್ನೊಬ್ಬರ ಮನೆಯೊಳಗೆ ಹೋಗಬಾರದೆಂಬ ಆ ಸಣ್ಣ ಮರ್ಯಾದೆಯನ್ನು ನಾವೆಲ್ಲರೂ ಅವರಿಂದ ಕಲಿಯಬಹುದು.